ದೊಡ್ಡವರು ಉಂಡ ಊಟ, ಮಗು ತೀರಿಸಿದ ಸಾಲ

ಕಳೆದ ಬೇಸಿಗೆ ರಜೆಯಲ್ಲಿ ಹತ್ತು ವರ್ಷದ ಮೊಮ್ಮಗಳು ನಮ್ಮ ಮನೆಗೆ ಬಂದಿದ್ದಳು. ಒಂದು ಸಂಜೆ ಅವಳ ಒತ್ತಾಯಕ್ಕೆ ಮಣಿದು ಜಪಾನಿನ ಒಂದು ಅನಿಮೇಷನ್ ಚಲನಚಿತ್ರವನ್ನು ಅವಳೊಂದಿಗೆ ಕುಳಿತು ನೋಡಿದೆ. ಮಕ್ಕಳ ಚಿತ್ರವಲ್ಲವೇ, ಅರ್ಧ ಗಂಟೆ ನೋಡಿ ಎದ್ದುಹೋದರಾಯಿತು ಎಂದುಕೊಂಡಿದ್ದವನು ಎರಡು ಗಂಟೆ ಅಲುಗಾಡದೆ ಕುಳಿತಿದ್ದೆ. ಚಿತ್ರ ಮುಗಿದ ಮೇಲೆ ಮಗು ಕೇಳಿತು: ‘ತಾತ, ಅವಳು ಅಷ್ಟೆಲ್ಲ ಕಷ್ಟಪಟ್ಟು ಬಿಡಿಸಿಕೊಂಡು ಬಂದಳಲ್ಲ, ಅವಳ ಅಪ್ಪ ಅಮ್ಮನಿಗೆ ಕೊನೆಗೂ ಏನೂ ಗೊತ್ತಾಗಲೇ ಇಲ್ಲವಾ?’ ಹೌದು ಎಂದು ಹೇಳಿ ಮಲಗಲು ಕಳಿಸಿದೆನಾದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆಡಳಿತ ಸೇವೆಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಕಳೆದ ನನ್ನಂಥವನಿಗೇ ಕೇಳಿದ ಪ್ರಶ್ನೆಯಂತೆ ಅದು ತೋರಿತು.

ಚಿತ್ರದ ಹೆಸರು ‘ಸ್ಪಿರಿಟೆಡ್ ಅವೇ’. ಘಿಬ್ಲಿ ಸ್ಟುಡಿಯೋಗಾಗಿ ಹಯಾವೊ ಮಿಯಾಜಾಕಿ ನಿರ್ದೇಶಿಸಿದ ಈ ಚಿತ್ರ 2001ರ ಜುಲೈನಲ್ಲಿ ಜಪಾನಿನಲ್ಲಿ ತೆರೆಕಂಡಿತು. 2002ರಲ್ಲಿ ಬರ್ಲಿನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಾದ ಚಿನ್ನದ ಕರಡಿಯನ್ನು ಇನ್ನೊಂದು ಚಿತ್ರದೊಡನೆ ಹಂಚಿಕೊಂಡಿತು. 2003ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರವೆಂದು ಆಸ್ಕರ್ ಪಡೆಯಿತು. ತನ್ನ ದೇಶದಲ್ಲಿ 3,000 ಕೋಟಿ ಯೆನ್‌ಗೂ ಹೆಚ್ಚು ಗಳಿಸಿ, 2020ರವರೆಗೂ ಅಲ್ಲಿನ ಗಳಿಕೆಯ ದಾಖಲೆಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಪರಿಚಿತರ ಹತ್ತು ವರ್ಷದ ಹೆಣ್ಣುಮಕ್ಕಳಿಗಾಗಿಯೇ ಈ ಚಿತ್ರ ಮಾಡಿದೆನೆಂದು ಮಿಯಾಜಾಕಿ ಹೇಳಿಕೊಂಡಿದ್ದಾರೆ. ಅಂದರೆ ಇದು ಮಕ್ಕಳ ಚಿತ್ರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಮಕ್ಕಳ ಪಕ್ಕದಲ್ಲಿ ಕುಳಿತ ಹಿರಿಯರಿಗೂ ಅದರಲ್ಲಿ ಒಂದು ಲೆಕ್ಕಪತ್ರವಿದೆ.

ಕಥೆ ಸರಳವಾದುದು. ಚಿಹಿರೊ ಎಂಬ ಹತ್ತು ವರ್ಷದ ಹುಡುಗಿ ತಂದೆ ತಾಯಿಯೊಂದಿಗೆ ಹೊಸ ಊರಿಗೆ ಹೋಗುತ್ತಿರುತ್ತಾಳೆ. ದಾರಿ ತಪ್ಪಿದ ಅಪ್ಪ ಕಾರನ್ನು ಕಾಡಿನ ಹಾದಿಗೆ ನುಗ್ಗಿಸುತ್ತಾನೆ. ಸುರಂಗವೊಂದನ್ನು ದಾಟಿದರೆ ಪಾಳುಬಿದ್ದ ಪಟ್ಟಣ. ಅಂಗಡಿಗಳಲ್ಲಿ ಬಿಸಿಬಿಸಿ ಅಡುಗೆ ರಾಶಿ ಬಿದ್ದಿದೆ, ಬಡಿಸುವವರಿಲ್ಲ. ಮಗಳು ಬೇಡವೆಂದರೂ ಅಪ್ಪ ಅಮ್ಮ ತಿನ್ನತೊಡಗುತ್ತಾರೆ, ತಿನ್ನುತ್ತಲೇ ಹಂದಿಗಳಾಗುತ್ತಾರೆ. ಅದು ದೇವತೆಗಳು ದಣಿವಾರಿಸಿಕೊಳ್ಳಲು ಬರುವ ಸ್ನಾನಗೃಹದ ಪಟ್ಟಣ. ಅದರ ಒಡತಿ ಯುಬಾಬಾ ಎಂಬ ಮಾಟಗಾತಿ. ಹೆತ್ತವರನ್ನು ಬಿಡಿಸಿಕೊಳ್ಳಬೇಕಾದರೆ ಮಗು ಅಲ್ಲಿ ದುಡಿಯಬೇಕು.

ಇಂಥ ಚಿತ್ರಗಳಲ್ಲಿ ‘ದೊಡ್ಡವರ ಅರ್ಥ’ ಹುಡುಕುವುದು ಹಲವರಿಗೆ ಒಂದು ಹವ್ಯಾಸ. ಈ ಚಿತ್ರದ ಬಗ್ಗೆ ಹೆಚ್ಚು ಪ್ರಚಲಿತವಾದ ವ್ಯಾಖ್ಯಾನವೊಂದು ಅದನ್ನು ವೇಶ್ಯಾಗೃಹದ ರೂಪಕವೆಂದು ಓದುತ್ತದೆ. ಆಧಾರವಿಲ್ಲದ ಮಾತಲ್ಲ. ಎದೊ ಕಾಲದ ಜಪಾನಿನ ಸ್ನಾನಗೃಹಗಳಲ್ಲಿ ‘ಯುನಾ’ ಎಂಬ ಪರಿಚಾರಿಕೆಯರಿದ್ದರು. ಅವರಲ್ಲಿ ಅನೇಕರು ಮೈಮಾರಿಕೊಳ್ಳಬೇಕಾಗಿತ್ತು. ಪರವಾನಗಿ ಪಡೆದ ವೇಶ್ಯಾಕೇರಿಗಳಲ್ಲಿ ಹೆತ್ತವರು ಮುಂಗಡ ಹಣ ಪಡೆದು ಹೆಣ್ಣುಮಕ್ಕಳನ್ನು ಒಪ್ಪಿಸುತ್ತಿದ್ದರು. ಅಲ್ಲಿ ಅವರಿಗೆ ಹೊಸ ಹೆಸರಿಡಲಾಗುತ್ತಿತ್ತು. ಚಿತ್ರದ ಹುಡುಗಿಗೂ ಹೆಸರು ಬದಲಾಗುತ್ತದೆ, ಅವಳೂ ಹೆತ್ತವರ ಋಣಕ್ಕೆ ದುಡಿಯುತ್ತಾಳೆ. ಆದರೆ ಇದೊಂದೇ ಗುಟ್ಟೆಂದು ಚಿತ್ರವನ್ನು ಒಗಟಿನಂತೆ ಬಿಡಿಸಿ ಪಕ್ಕಕ್ಕಿಡುವುದು ಸರಿಯೆನಿಸದು. ಯಾರೋ ಮಾಡಿದ ಸಾಲಕ್ಕೆ ಇನ್ಯಾರನ್ನೋ ಅಡವಿಡುವ ವ್ಯವಸ್ಥೆಯ ಒಂದು ಮುಖ ಮಾತ್ರ ಅದು. ಚಿತ್ರ ಆ ವ್ಯವಸ್ಥೆಯ ಇತರ ಮುಖಗಳನ್ನೂ ತೋರಿಸುತ್ತದೆ. ಅವು ನಮಗೆ ಹೆಚ್ಚು ಪರಿಚಿತವಾದವು.

ಮೊದಲಿಗೆ ಆ ಊಟದ ದೃಶ್ಯವನ್ನೇ ತೆಗೆದುಕೊಳ್ಳೋಣ. ಪಾಳುಪಟ್ಟಣವನ್ನು ಕಂಡ ಕೂಡಲೇ ಚಿಹಿರೊಳ ತಂದೆ ಅದನ್ನು ಗುರುತಿಸುತ್ತಾನೆ: ಇದು ತೊಂಬತ್ತರ ಸುಮಾರಿಗೆ ಎಲ್ಲೆಲ್ಲೂ ಕಟ್ಟಿ, ಆರ್ಥಿಕತೆ ಕುಸಿದಾಗ ದಿವಾಳಿಯೆದ್ದ ಮನೋರಂಜನಾ ಉದ್ಯಾನಗಳಲ್ಲೊಂದು ಎನ್ನುತ್ತಾನೆ. ಯಾರದೋ ಊಟಕ್ಕೆ ಕೈಹಾಕುವಾಗ ಮಗಳು ಹೆದರಿದರೆ, ನನ್ನ ಬಳಿ ನಗದೂ ಇದೆ, ಕ್ರೆಡಿಟ್ ಕಾರ್ಡೂ ಇದೆ ಎಂದು ಸಮಾಧಾನ ಹೇಳುತ್ತಾನೆ. ಮಗುವಿಗೆ ಇದು ದಡ್ಡ ಅಪ್ಪನ ಮಾತು. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಜಪಾನಿನ ಒಂದು ದಶಕದ ಇತಿಹಾಸ.

ನಾನು ಎಂ.ಎ. ಓದುತ್ತಿದ್ದ ದಿನಗಳಲ್ಲಿ ಜಪಾನ್ ಎಂದರೆ ನಮ್ಮ ಅಧ್ಯಾಪಕರಿಗೆ ಪವಾಡ. ಯುದ್ಧದಲ್ಲಿ ಸುಟ್ಟುಹೋದ ದೇಶ ದುಡಿಮೆಯಿಂದಲೂ ಉಳಿತಾಯದಿಂದಲೂ ಮೇಲೆದ್ದ ಕಥೆಯನ್ನು ಅವರು ಭಕ್ತಿಯಿಂದ ಹೇಳುತ್ತಿದ್ದರು. ಅನಂತರ ನಡೆದದ್ದು ಬೇರೆ. 1985ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಐದು ದೇಶಗಳು ಡಾಲರಿನ ಬೆಲೆ ತಗ್ಗಿಸಲು ಒಪ್ಪಂದ ಮಾಡಿಕೊಂಡವು. ಡಾಲರಿಗೆ 240ರ ಆಸುಪಾಸಿನಲ್ಲಿದ್ದ ಯೆನ್ ಎರಡು ವರ್ಷಗಳಲ್ಲಿ 150ರ ಸುಮಾರಿಗೆ ಬಂದು ನಿಂತಿತು. ರಫ್ತು ಕುಗ್ಗೀತೆಂಬ ಭಯದಿಂದ ಬ್ಯಾಂಕ್ ಆಫ್ ಜಪಾನ್ ತನ್ನ ಬಡ್ಡಿದರವನ್ನು 1987ರ ಫೆಬ್ರುವರಿಯ ವೇಳೆಗೆ ಶೇ 2.5ಕ್ಕೆ ಇಳಿಸಿ, ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಯೇ ಇರಿಸಿತು. ಅಗ್ಗದ ಹಣ ಕಾರ್ಖಾನೆಗಿಂತ ಹೆಚ್ಚಾಗಿ ನೆಲಕ್ಕೂ ಷೇರಿಗೂ ಹರಿಯಿತು. ನೆಲದ ಬೆಲೆ ಏರಿದ್ದರಿಂದ ಅದರ ಅಡಮಾನದ ಮೇಲೆ ಇನ್ನಷ್ಟು ಸಾಲ; ಆ ಸಾಲದಿಂದ ಇನ್ನಷ್ಟು ನೆಲ. 1989ರ ಡಿಸೆಂಬರ್ 29ರಂದು ನಿಕ್ಕೈ ಸೂಚ್ಯಂಕ 38,915ಕ್ಕೆ ತಲುಪಿತು. 1990ರ ಆಗಸ್ಟ್ ಹೊತ್ತಿಗೆ ಬಡ್ಡಿದರ ಶೇ 6ಕ್ಕೆ ಏರಿತ್ತು, ಗುಳ್ಳೆ ಒಡೆಯಿತು. ಎರಡೇ ವರ್ಷಗಳಲ್ಲಿ ಸೂಚ್ಯಂಕ 15,000ಕ್ಕಿಂತ ಕೆಳಗಿಳಿಯಿತು. ಹಳೆಯ ಎತ್ತರವನ್ನು ಅದು ಮತ್ತೆ ಮುಟ್ಟಿದ್ದು 2024ರ ಫೆಬ್ರುವರಿಯಲ್ಲಿ, ಸುಮಾರು 34 ವರ್ಷಗಳ ಬಳಿಕ.

ಆ ಪಾಳುಪಟ್ಟಣವೂ ಕೇವಲ ಕಲ್ಪನೆಯಲ್ಲ. 1987ರಲ್ಲಿ ಜಪಾನ್ ಸರ್ಕಾರ ವಿಹಾರಧಾಮಗಳ ಅಭಿವೃದ್ಧಿಗೆಂದೇ ಕಾಯ್ದೆ ಮಾಡಿ ತೆರಿಗೆ ರಿಯಾಯಿತಿಗಳನ್ನೂ ಸುಲಭದ ಸಾಲವನ್ನೂ ಒದಗಿಸಿತು. ಜಿಲ್ಲೆ ಜಿಲ್ಲೆಗಳೂ ಪೈಪೋಟಿಗಿಳಿದವು. ದಕ್ಷಿಣದ ಕ್ಯೂಶು ದ್ವೀಪದಲ್ಲಿ, ನಿಜವಾದ ಸಮುದ್ರದ ಪಕ್ಕದಲ್ಲೇ, ಸೀಗಾಯಾ ಎಂಬ ವಿಹಾರಧಾಮವನ್ನು ಕಟ್ಟಿ, ಚಾವಣಿಯ ಕೆಳಗೆ ಕೃತಕ ಕಡಲತೀರವನ್ನು ನಿರ್ಮಿಸಿದರು. 2001ರಲ್ಲಿ, ಈ ಚಿತ್ರ ತೆರೆಕಂಡ ವರ್ಷವೇ, ಅದು ದಿವಾಳಿಯಾಯಿತು. ಉತ್ತರದ ಹೊಕ್ಕೈಡೊದಲ್ಲಿ ಯುಬಾರಿ ಎಂಬ ಗಣಿನಗರವಿದೆ. ಕಲ್ಲಿದ್ದಲು ಗಣಿಗಳು ಮುಚ್ಚಿದಾಗ ಅದರ ನಗರಸಭೆ ಸಾಲ ಮಾಡಿ ಮನೋರಂಜನಾ ಉದ್ಯಾನ, ಹೋಟೆಲುಗಳನ್ನು ಕಟ್ಟಿತು. 2006ರಲ್ಲಿ ಸುಮಾರು 3,500 ಕೋಟಿ ಯೆನ್ ಸಾಲದ ಹೊರೆಯಲ್ಲಿ ನಗರಸಭೆಯೇ ಕೈಚೆಲ್ಲಿತು. ಶಾಲೆಗಳನ್ನು ಮುಚ್ಚಿದರು, ನೌಕರರನ್ನು ಕಡಿತಗೊಳಿಸಿದರು. ಸಾಲ ಮಾಡಲು ನಿರ್ಧರಿಸಿದ ಸಭೆಯಲ್ಲಿ ಆ ಶಾಲೆಗಳ ಮಕ್ಕಳು ಯಾರೂ ಇರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

2001ರಲ್ಲಿ ಹತ್ತು ವರ್ಷದವಳಾದ ಚಿಹಿರೊ 1991ರ ಸುಮಾರಿಗೆ ಹುಟ್ಟಿದವಳಾಗಬೇಕು. ಊಟ ಮುಗಿದು ಎಲೆ ಎತ್ತುವ ಹೊತ್ತಿಗೆ ಬಂದವಳು. ಅವಳಿಗಿಂತ ಸ್ವಲ್ಪ ಹಿರಿಯರಾಗಿ, 1990ರ ದಶಕದ ನಡುವಿನಿಂದ 2000ದ ದಶಕದ ಆರಂಭದವರೆಗೆ ಕಾಲೇಜು ಮುಗಿಸಿದವರನ್ನು ಜಪಾನಿನಲ್ಲಿ ‘ಉದ್ಯೋಗದ ಹಿಮಯುಗ’ದ ಪೀಳಿಗೆಯೆಂದೇ ಕರೆಯುತ್ತಾರೆ. ಕಾಯಂ ನೌಕರಿಯೆಂಬುದು ಅವರಲ್ಲಿ ಅನೇಕರಿಗೆ ಎಂದೂ ದಕ್ಕಲಿಲ್ಲ. ದೇಶದ ಸರ್ಕಾರಿ ಸಾಲ ರಾಷ್ಟ್ರೀಯ ಉತ್ಪನ್ನದ ಎರಡು ಪಟ್ಟಿಗೂ ಮೀರಿ ಬೆಳೆದಿದೆ. ಚಿತ್ರದ ಹುಡುಗಿ ನೆಲ ಒರೆಸುತ್ತಾ ಓಡುವ ದೃಶ್ಯವನ್ನು ನೋಡುವಾಗ ಈ ಲೆಕ್ಕ ನನ್ನ ಮನಸ್ಸಿನಲ್ಲಿತ್ತು.

ಎರಡನೆಯದು ಹೆಸರಿನ ಪ್ರಸಂಗ. ಕೆಲಸ ಕೇಳಿದ ಚಿಹಿರೊಳಿಂದ ಯುಬಾಬಾ ಕರಾರುಪತ್ರಕ್ಕೆ ಸಹಿ ಹಾಕಿಸಿಕೊಂಡು, ಕಾಗದದ ಮೇಲಿನ ಅವಳ ಹೆಸರಿನ ಅಕ್ಷರಗಳನ್ನೇ ಕೈಯಿಂದ ಬಾಚಿಕೊಳ್ಳುತ್ತಾಳೆ. ಉಳಿಯುವುದು ಒಂದೇ ಲಿಪಿ. ಅದನ್ನು ‘ಸೆನ್’ ಎಂದು ಓದಬಹುದು. ಅದರ ಅರ್ಥ ‘ಸಾವಿರ’. ಹೆಸರಿದ್ದ ಮಗು ಅಂಕಿಯಾಗುತ್ತದೆ. ತನ್ನ ನಿಜನಾಮವನ್ನು ಮರೆತವರು ಆ ಊರಿನಿಂದ ಎಂದೂ ಹೊರಬರಲಾರರು. ಅವಳಿಗೆ ನೆರವಾಗುವ ಹಾಕು ಎಂಬ ಹುಡುಗ ಹಾಗೆ ಮರೆತವನು.

ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿದ ಯಾರಿಗೂ ಈ ದೃಶ್ಯ ವಿಚಿತ್ರವೆನಿಸದು. 1976ರ ಜೀತಪದ್ಧತಿ ರದ್ದತಿ ಕಾಯ್ದೆಯನ್ವಯ ಜೀತದಾಳುಗಳನ್ನು ಗುರುತಿಸುವ ಕೆಲಸದಲ್ಲಿ ನಾನೂ ತೊಡಗಿದ್ದೆ. ಅಪ್ಪ ಪಡೆದ ಕೆಲವು ನೂರು ರೂಪಾಯಿಗಳಿಗೆ ಮಗ ದುಡಿಯುತ್ತಿದ್ದ. ಎಷ್ಟು ತೀರಿತು, ಎಷ್ಟು ಉಳಿಯಿತೆಂದು ಕೇಳಿದರೆ ಅವನಿಗೆ ತಿಳಿಯದು. ಅವನನ್ನು ಊರವರು ಕರೆಯುತ್ತಿದ್ದುದು ಇಂಥವರ ಮನೆಯ ಆಳು ಎಂದೇ. ಇನ್ನು ನಮ್ಮ ದಾಖಲೆಗಳ ಮಾತು. ಹಳ್ಳಿಯಲ್ಲಿ ಪ್ರತಿ ಹೊಲಕ್ಕೂ ಹೆಸರಿರುತ್ತದೆ: ಹುಣಸೆಮರದ ಹೊಲ, ಕೆರೆ ಹಿಂದಿನ ಗದ್ದೆ, ಅಜ್ಜಿಯ ತೋಟ. ಪಹಣಿಯಲ್ಲಿ ಅವೆಲ್ಲ ಸರ್ವೆ ನಂಬರುಗಳು. ಆಡಳಿತಕ್ಕೆ ಅಂಕಿ ಬೇಕು, ಅದಿಲ್ಲದೆ ನ್ಯಾಯವನ್ನೂ ಕೊಡಲಾಗದು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಂಕಿಯನ್ನು ಹೊಡೆದುಹಾಕಿದಷ್ಟು ಸುಲಭವಾಗಿ ಹೆಸರನ್ನು ಹೊಡೆದುಹಾಕಲು ಕೈ ಬಾರದು ಎಂಬುದನ್ನು ನಿವೃತ್ತನಾದ ಮೇಲೆ ತಿಳಿದುಕೊಂಡೆ.

ಮೂರನೆಯದು ಬಂಗಾರದ ಪ್ರಸಂಗ. ಸ್ನಾನಗೃಹಕ್ಕೆ ಮುಖವಾಡ ತೊಟ್ಟ ನೆರಳಿನಂಥ ಅತಿಥಿಯೊಬ್ಬ ಬರುತ್ತಾನೆ. ಅವನಿಗೆ ಸ್ವಂತ ದನಿಯಿಲ್ಲ. ನುಂಗಿದವರ ದನಿಯಲ್ಲಿ ಮಾತಾಡುತ್ತಾನೆ. ಅಂಗೈಯಿಂದ ಬಂಗಾರ ಸುರಿಸುತ್ತಾನೆ. ಇಡೀ ಸಿಬ್ಬಂದಿ ಹಾಡಿ ಕುಣಿದು ಅವನಿಗೆ ಉಣಬಡಿಸುತ್ತದೆ. ಅವನು ತಿಂದಷ್ಟೂ ಉಬ್ಬುತ್ತಾನೆ, ಕೊನೆಗೆ ಬಡಿಸಿದವರನ್ನೇ ನುಂಗುತ್ತಾನೆ. ಆಮೇಲೆ ನೋಡಿದರೆ ಬಂಗಾರವೆಲ್ಲ ಬರೀ ಮಣ್ಣು. ದುಡಿಮೆಯ ಬೆಂಬಲವಿಲ್ಲದ ಹಣ ಮಾರುಕಟ್ಟೆಗೆ ನುಗ್ಗಿದಾಗ ಏನಾಗುತ್ತದೆಂಬುದನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದ ಪಠ್ಯಪುಸ್ತಕವನ್ನು ನಾನು ಓದಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಆ ನೆರಳು ಹುಟ್ಟಾ ದುಷ್ಟನಲ್ಲ. ಮಳೆಯಲ್ಲಿ ಒಂಟಿಯಾಗಿ ನಿಂತಿದ್ದವನು. ಅವನನ್ನು ಹಾಗೆ ಮಾಡಿದ್ದು ಬಂಗಾರಕ್ಕೆ ಕೈಯೊಡ್ಡಿದವರ ಆಸೆ. ಬೇಡವೆಂದವಳು ಚಿಹಿರೊ ಒಬ್ಬಳೇ. ಆ ಜಾಗ ಬಿಟ್ಟು ಹೊರನಡೆದ ಮೇಲೆ ಅವನೂ ಸೌಮ್ಯನಾಗಿ, ಹಳ್ಳಿಮನೆಯೊಂದರಲ್ಲಿ ನೂಲು ತೆಗೆಯುತ್ತಾ ಕುಳಿತುಕೊಳ್ಳುತ್ತಾನೆ.

ಇಷ್ಟೆಲ್ಲ ಅರ್ಥವನ್ನು ಮಕ್ಕಳ ಚಿತ್ರದ ಮೇಲೆ ಹೇರುವುದು ಸರಿಯೇ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮಿಯಾಜಾಕಿ ಉಪದೇಶಕ್ಕೆ ಕೂತವರಲ್ಲ. ಯುಬಾಬಾ ರಾಕ್ಷಸಿಯಲ್ಲ, ಕೆಲಸ ಕೇಳಿದವರಿಗೆ ಇಲ್ಲವೆನ್ನುವುದಿಲ್ಲವೆಂಬ ತನ್ನ ಪ್ರತಿಜ್ಞೆಗೆ ಗೊಣಗುತ್ತಲೇ ಬದ್ಧಳಾಗಿರುವವಳು, ಗಿರಾಕಿಗಳೆದುರು ತಾನೇ ನಿಂತು ದುಡಿಯುವವಳು. ದುಡಿಮೆಯನ್ನೂ ಚಿತ್ರ ಶಿಕ್ಷೆಯೆಂದು ತೋರಿಸುವುದಿಲ್ಲ. ಮೊದಲ ದೃಶ್ಯದಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಮುಖ ಊದಿಸಿಕೊಂಡು ಬಿದ್ದಿದ್ದ ಹುಡುಗಿ, ಇದ್ದಿಲು ಹೊತ್ತು, ತೊಟ್ಟಿ ತಿಕ್ಕಿ, ತನ್ನ ಕಾಲ ಮೇಲೆ ನಿಲ್ಲುವುದನ್ನು ಕಲಿಯುತ್ತಾಳೆ. ಮಕ್ಕಳಿಗೆ ಸಿಗುವ ಕಥೆ ಇದೇ, ಅದು ಪೂರ್ಣವಾದ ಕಥೆಯೂ ಹೌದು. ಹಿರಿಯರಿಗೆ ಕಾಣುವುದು ಬೇರೆ ಕಥೆಯಲ್ಲ. ಅದೇ ಕಥೆಯಲ್ಲಿ ತಾವು ಯಾವ ಪಾತ್ರವೆಂಬುದು.

ನನ್ನ ಪಾತ್ರ ನನಗೆ ಕಂಡದ್ದು ನದಿಗಳ ಪ್ರಸಂಗದಲ್ಲಿ. ಚಿತ್ರದಲ್ಲಿ ಎರಡು ನದಿಗಳಿವೆ. ಒಂದು ದುರ್ನಾತದ ಕೆಸರಿನ ಮುದ್ದೆಯಾಗಿ ಸ್ನಾನಕ್ಕೆ ಬರುತ್ತದೆ. ಎಲ್ಲರೂ ಮೂಗು ಮುಚ್ಚಿಕೊಂಡಾಗ ಚಿಹಿರೊ ಅದರ ಮೈಯಲ್ಲಿ ಮುಳ್ಳಿನಂತೆ ಚುಚ್ಚಿಕೊಂಡಿದ್ದ ಏನನ್ನೋ ಹಿಡಿದೆಳೆಯುತ್ತಾಳೆ. ಬರುವುದು ಸೈಕಲ್ಲು, ಅದರ ಹಿಂದೆ ಪಟ್ಟಣದ ಕಸದ ರಾಶಿ. ಕೊಳೆ ಕಳಚಿದ ಮೇಲೆ ನದೀದೇವತೆ ನಗುತ್ತಾ ಹಾರಿಹೋಗುತ್ತದೆ. ತಮ್ಮ ಊರಿನ ಹೊಳೆಯನ್ನು ಶುಚಿಗೊಳಿಸುವಾಗ ನಿಜಕ್ಕೂ ಸೈಕಲ್ಲೊಂದು ಸಿಕ್ಕಿದ್ದ ಅನುಭವದಿಂದ ಈ ದೃಶ್ಯ ಹುಟ್ಟಿತೆಂದು ಮಿಯಾಜಾಕಿ ಹೇಳಿದ್ದಾರೆ. ಎರಡನೆಯ ನದಿಗೆ ಅಂಥ ಭಾಗ್ಯವಿಲ್ಲ. ಹೆಸರು ಮರೆತ ಹುಡುಗ ಹಾಕು ಒಂದು ಸಣ್ಣ ನದಿ. ಚಿಕ್ಕವಳಿದ್ದಾಗ ಚಿಹಿರೊ ಅದರಲ್ಲಿ ಬಿದ್ದು ಬದುಕಿದ್ದಳು. ಅವಳು ಅದರ ಹೆಸರನ್ನು ನೆನಪಿಸಿಕೊಂಡು ಹೇಳಿದಾಗ ಅವನಿಗೆ ಬಿಡುಗಡೆ. ಆದರೆ ಅವನು ಮರಳಿ ಹೋಗಲು ಮನೆಯಿಲ್ಲ. ಕೊಹಾಕು ನದಿಯನ್ನು ಮುಚ್ಚಿ, ಮೇಲೆ ವಸತಿ ಸಮುಚ್ಚಯ ಕಟ್ಟಿದ್ದಾರೆ. ಅದೇ ಮಧ್ಯಮವರ್ಗದ ಹೊಸ ಮನೆಯ ಕನಸಿನ ಬೆನ್ನುಹತ್ತಿಯೇ ಚಿಹಿರೊಳ ಕುಟುಂಬವೂ ಕಾರಿನಲ್ಲಿ ಹೊರಟಿತ್ತಲ್ಲವೇ?

ಬೆಂಗಳೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಧರ್ಮಾಂಬುಧಿ ಕೆರೆಯಿದ್ದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ. 2022ರ ಸೆಪ್ಟೆಂಬರ್‌ನ ಮಳೆಗೆ ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ಟ್ರ್ಯಾಕ್ಟರ್‌ಗಳಲ್ಲೂ ದೋಣಿಗಳಲ್ಲೂ ಜನರನ್ನು ಸಾಗಿಸಿದ್ದು ಎಲ್ಲರ ನೆನಪಿನಲ್ಲಿದೆ. ನೀರು ತನ್ನ ಹಳೆಯ ವಿಳಾಸವನ್ನು ಮರೆತಿರಲಿಲ್ಲ. ಕೆರೆಗಳನ್ನು ಉಳಿಸಿಕೊಳ್ಳಬೇಕೆಂದು ಎನ್. ಲಕ್ಷ್ಮಣರಾವ್ ಸಮಿತಿ 1980ರ ದಶಕದಲ್ಲೇ ವರದಿ ಕೊಟ್ಟಿತ್ತು. ನಮಗೆ ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ.

ನನಗಂತೂ ಗೊತ್ತಿತ್ತು. 1990ರ ದಶಕದ ನಡುವಿನಲ್ಲಿ ನಾನು ಉಪವಿಭಾಗಾಧಿಕಾರಿಯಾಗಿದ್ದಾಗ ಪಟ್ಟಣವೊಂದರ ಅಂಚಿನ ಸಣ್ಣ ಕೆರೆಯ ಕಡತ ನನ್ನ ಮೇಜಿಗೆ ಬಂತು. ಕೆರೆ ಬತ್ತಿದೆ, ಕೆರೆಯ ಸ್ವರೂಪವನ್ನು ಕಳೆದುಕೊಂಡಿದೆ, ವಸತಿ ಉದ್ದೇಶಕ್ಕೆ ಬಳಸಬಹುದೆಂದು ಕೆಳಗಿನ ಟಿಪ್ಪಣಿ. ನಾನು ಸ್ಥಳಕ್ಕೆ ಹೋಗಿದ್ದೆ. ಏಪ್ರಿಲ್ ತಿಂಗಳು, ಹುಡುಗರು ಕೆರೆಯಂಗಳದಲ್ಲಿ ಕ್ರಿಕೆಟ್ ಆಡುತ್ತಿದ್ದರು. ಏಪ್ರಿಲ್‌ನಲ್ಲಿ ಯಾವ ಸಣ್ಣ ಕೆರೆ ತಾನೇ ಬತ್ತಿರುವುದಿಲ್ಲ? ಅದಕ್ಕೆ ನೀರು ತರುವ ಕಾಲುವೆಯ ಮೇಲೆ ಒತ್ತುವರಿಯಾಗಿದ್ದುದೂ ಕಣ್ಣಿಗೆ ಬಿದ್ದಿತ್ತು. ಆದರೂ ‘ಶಿಫಾರಸು ಮಾಡಿದೆ’ ಎಂದು ಬರೆದು ಸಹಿ ಹಾಕಿದೆ. ಲಂಚ ಪಡೆಯಲಿಲ್ಲ, ಯಾರ ಒತ್ತಡವೂ ಇರಲಿಲ್ಲ. ಮನೆಯಿಲ್ಲದವರಿಗೆ ನಿವೇಶನ ಸಿಗುತ್ತದೆಂಬ ಸಮಾಧಾನವಿತ್ತು, ಸಿಕ್ಕಿದ್ದೂ ನಿಜ. ಇಂದು ಅಲ್ಲಿ ಪ್ರತಿ ಮಳೆಗಾಲದಲ್ಲೂ ಮನೆಯೊಳಗೆ ನೀರು ನುಗ್ಗುತ್ತದೆ. ಸುತ್ತಲಿನ ತೆರೆದ ಬಾವಿಗಳು ಬತ್ತಿ ಬಹಳ ಕಾಲವಾಯಿತು. ಅಂದಿನ ನಿರ್ಧಾರದ ಬೆಲೆಯನ್ನು ತೆರುತ್ತಿರುವವರು ಅಂದು ಹುಟ್ಟಿರದಿದ್ದವರು. ಬಂಗಾರಕ್ಕೆ ಕೈಯೊಡ್ಡದೆಯೂ ಪರರ ಊಟವನ್ನು ಉಣ್ಣಬಹುದೆಂಬುದು ನನ್ನ ಅನುಭವದ ಮಾತು.

ಚಿತ್ರದ ಕೊನೆಗೆ ಬರೋಣ. ಹಂದಿಗಳ ಸಾಲಿನಲ್ಲಿ ನಿನ್ನ ಅಪ್ಪ ಅಮ್ಮ ಯಾರೆಂದು ಗುರುತಿಸು ಎಂದು ಯುಬಾಬಾ ಕೇಳುತ್ತಾಳೆ. ಇವರಲ್ಲಿ ಯಾರೂ ಅಲ್ಲವೆಂದು ಮಗು ಸರಿಯಾಗಿ ಉತ್ತರಿಸುತ್ತದೆ, ಕರಾರುಪತ್ರ ಒಡೆದುಹೋಗುತ್ತದೆ. ಸುರಂಗದ ಬಾಯಲ್ಲಿ ಅಪ್ಪ ಅಮ್ಮ ಏನೂ ಆಗದವರಂತೆ ನಿಂತಿದ್ದಾರೆ. ಎಲ್ಲಿ ಹೋಗಿದ್ದೆ, ತಡವಾಯಿತೆಂದು ಅವಳನ್ನೇ ಗದರಿಸುತ್ತಾರೆ. ಕಾರಿನ ಮೇಲೆ ಎಲೆ, ಧೂಳು ತುಂಬಿರುವುದನ್ನು ಕಂಡು ಅಚ್ಚರಿಪಟ್ಟು, ಒರೆಸಿಕೊಂಡು ಹೊರಡುತ್ತಾರೆ. ಅವರಿಗೆ ಶಿಕ್ಷೆಯೂ ಇಲ್ಲ, ಪಶ್ಚಾತ್ತಾಪವೂ ಇಲ್ಲ. ಈ ಚಿತ್ರದಲ್ಲಿ ಹಿರಿಯರಿಗಾಗಿ ಅಡಗಿಸಿಟ್ಟ ಅತಿ ಕಠಿಣವಾದ ಅರ್ಥ ಇದೇ ಎಂದು ನನಗನಿಸುತ್ತದೆ. ತಮ್ಮ ಸಾಲವನ್ನು ಮಗು ತೀರಿಸಿತೆಂಬುದು ಹೆತ್ತವರಿಗೆ ತಿಳಿಯುವುದೇ ಇಲ್ಲ. ನನ್ನ ಮೊಮ್ಮಗಳು ನೇರವಾಗಿ ಅಲ್ಲಿಗೇ ಬೆರಳಿಟ್ಟಿದ್ದಳು. ಮಕ್ಕಳಿಗೆ ಕಾಣದ್ದು ನಮಗೆ ಕಾಣುತ್ತದೆಂದು ನಾವು ಭಾವಿಸುತ್ತೇವೆ, ಅಷ್ಟೆ.

ಮರುದಿನ ಬೆಳಿಗ್ಗೆ ಅವಳಿಗೆ ಆ ಕೆರೆಯ ವಿಷಯ ಹೇಳಬೇಕೆಂದು ಕುಳಿತೆ. ಸರ್ವೆ ನಂಬರ್ ನೆನಪಿತ್ತು, ವಿಸ್ತೀರ್ಣ ಎಕರೆ ಗುಂಟೆ ಸಹಿತ ನೆನಪಿತ್ತು. ಕೆರೆಯ ಹೆಸರು ಮಾತ್ರ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಅಂದು ಆ ವೃತ್ತದಲ್ಲಿ ಗ್ರಾಮಲೆಕ್ಕಿಗರಾಗಿದ್ದ ಹಿರಿಯರೊಬ್ಬರಿಗೆ ಫೋನ್ ಮಾಡಿದೆ. ಅವರು ಯೋಚಿಸದೆ ಹೇಳಿದರು. ಆ ಹೆಸರಿನ ಹಿಂದಿನ ಕಥೆಯನ್ನೂ ಹೇಳಿದರು. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಸಾಲ ಮಾಡಿ ಮನೆ ಕಟ್ಟಿಕೊಂಡವರು ಸಾಮಾನ್ಯ ಜನ. ಅವರ ನಿವೇಶನದ ಬೆಲೆ ತಗ್ಗಿಸುವ ಹಕ್ಕು ನನಗಿಲ್ಲ. ಮೊಮ್ಮಗಳಿಗೆ ಮಾತ್ರ ಹೇಳಿದೆ. ಅಲ್ಲಿ ಕೆರೆಯಿತ್ತು, ಅದನ್ನು ಮುಚ್ಚಬಹುದೆಂದು ಬರೆದವನು ನಾನು ಎಂಬುದನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆರೆಯ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಊರಿಗೆ ಹೊರಡುವ ಮುನ್ನ ಅದನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದನ್ನು ನೋಡಿದೆ.